ಬೆರಳು ಎಣಿಕೆ ಮರೆತ ಮೇಲೆ

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಬಳಿಕ ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಮದ್ದಳೆಯ ಪಾಠ ಆರಂಭವಾಗುತ್ತದೆ. ಆಟದ ನಡುವೆ ಹೊಸ ನುಡಿಸಾಣಿಕೆ ಹೇಗೆ ಹೊಳೆಯುತ್ತದೆ, ಅದನ್ನು ಕಲಿಸಲು ಬರುತ್ತದೆಯೇ ಎಂದು ವಿದ್ಯಾರ್ಥಿಗಳು ಪ್ರತಿವರ್ಷ ಕೇಳುತ್ತಾರೆ. ಕಲಿಸಲು ಬರುವುದಿಲ್ಲ, ಅದಕ್ಕೆ ಜಾಗ ಮಾಡಿಕೊಡಬಹುದು, ಅಷ್ಟೆ.

ತ್ರಿವುಡೆ ತಾಳದ ಒಂದು ಸುತ್ತಿಗೆ 7 ಅಕ್ಷರ, ಅಂದರೆ 7 ಎಣಿಕೆ; ಅಷ್ಟತಾಳಕ್ಕೆ 14. ಲೆಕ್ಕದಲ್ಲಿ ತ್ರಿವುಡೆಯ ಎರಡು ಸುತ್ತು ಅಷ್ಟದ ಒಂದು ಸುತ್ತಿಗೆ ಸಮವಾದರೂ ಪೆಟ್ಟು ಬೀಳುವ ಜಾಗಗಳು ಬೇರೆಯಾದ್ದರಿಂದ ಪದ್ಯದ ನಡೆಯೇ ಬೇರೆಯಾಗುತ್ತದೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಎಣಿಸುತ್ತ ಕುಳಿತವನಿಗೆ ಪದ್ಯ ಹಾಡುವ ಭಾಗವತರು ಎಲ್ಲಿ ಉಸಿರು ತೆಗೆದುಕೊಂಡರು, ವೇಷಧಾರಿ ಯಾವ ಹೆಜ್ಜೆಗೆ ಸಿದ್ಧನಾಗುತ್ತಿದ್ದಾನೆ ಎಂಬುದು ತಿಳಿಯುವುದಿಲ್ಲ. ಎಣಿಕೆ ಬೆರಳಿಗೆ ಇಳಿದ ದಿನ ಕಿವಿಗೆ ಬಿಡುವು ಸಿಗುತ್ತದೆ.

ಹಿಂದೊಮ್ಮೆ ಬೆಳಗಿನ ಜಾವದ ಪ್ರಸಂಗದಲ್ಲಿ ಭಾಗವತರು ಶೋಕದ ಪದ್ಯವೊಂದರ ಕೊನೆಯ ಸಾಲನ್ನು ಎಂದಿಗಿಂತ ಹೆಚ್ಚು ಎಳೆದರು. ಪದ್ಯದ ಕೊನೆಗೆ ನುಡಿಸುವ ರೂಢಿಯ ಬಿಡ್ತಿಗೆಗೆ ಎದ್ದ ನನ್ನ ಕೈ ತಾನಾಗಿ ತಡೆಯಿತು. ಆ ಮೌನದಲ್ಲಿ ವೇಷಧಾರಿ ಹೆಜ್ಜೆ ನಿಲ್ಲಿಸಿ ತಲೆ ತಗ್ಗಿಸಿದ. ಆ ಬಿಡ್ತಿಗೆಯನ್ನು ಸಾವಿರಾರು ಸಲ ನುಡಿಸಿದ್ದರಿಂದಲೇ ಅದನ್ನು ಬಿಡುವ ಧೈರ್ಯ ಬಂತೆಂದು ನನ್ನ ನಂಬಿಕೆ. ಮರುದಿನ ಅದೇ ಪದ್ಯಕ್ಕೆ ಬೇಕೆಂದೇ ಹಾಗೆ ಬಿಟ್ಟೆ. ಕೇಳುಗರಿಗೆ ಮದ್ದಳೆಗಾರ ತಾಳ ತಪ್ಪಿದನೆಂದಷ್ಟೇ ಕೇಳಿಸಿರಬೇಕು.

ಈಗಿನ ಹುಡುಗರು ಮೊಬೈಲಿನಲ್ಲಿ ಕೇಳಿದ ಇಂಥ ತುಣುಕುಗಳನ್ನು ಚಾಚೂ ತಪ್ಪದೆ ನುಡಿಸುತ್ತಾರೆ. ಕೈಯ ವೇಗ ನನಗಿಂತ ಹೆಚ್ಚು, ಅದರಲ್ಲಿ ಮತ್ಸರವಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ಹೊಳಹು ಬೇರೊಬ್ಬರ ಕಿವಿಗೆ, ಬೇರೊಂದು ರಾತ್ರಿ ಬಂದದ್ದು. ಅದರ ಕಾರಣ ತುಣುಕಿನೊಳಗೆ ಇರುವುದಿಲ್ಲ. ಹಾಗಾಗಿ ನುಡಿಸುವ ಮುನ್ನ ಪದ್ಯವನ್ನು ಬಾಯಲ್ಲಿ ಹಾಡಿಸಿ ಅರ್ಥ ಹೇಳಿಸುತ್ತೇನೆ. ವೇಷ, ಕುಣಿತವಿಲ್ಲದೆ ಹಾಡು ಮಾತುಗಳಲ್ಲೇ ನಡೆಯುವ ತಾಳಮದ್ದಳೆಯ ಕೂಟಗಳಿಗೆ ಬರಿಗೈಯಲ್ಲಿ ಕರೆದೊಯ್ದು ಕೂರಿಸುತ್ತೇನೆ. ಇದು ಅವರಿಗೆ ಬೇಸರದ ಪಾಠ.

ಕಳೆದ ಆಟಿ ತಿಂಗಳ ಮಳೆಯಲ್ಲಿ ತೇವಕ್ಕೆ ಮದ್ದಳೆಯ ಚರ್ಮ ಸಡಿಲಾಗಿ, ಎಷ್ಟು ಬಿಗಿದರೂ ಶ್ರುತಿ ನಿಲ್ಲುತ್ತಿರಲಿಲ್ಲ. ಆ ದಿನ ಎಲ್ಲರಿಗಿಂತ ನಿಧಾನವಾಗಿ ಕಲಿಯುವ ಹುಡುಗ, ಯಾರೂ ಹೇಳದಿದ್ದರೂ, ಎಡೆಬಿಡದ ಪೆಟ್ಟುಗಳ ಉರುಳಿಕೆಯನ್ನು ಕೈಬಿಟ್ಟು ಬಿಡಿ ಪೆಟ್ಟುಗಳಲ್ಲೇ ಪದ್ಯವನ್ನು ದಾಟಿಸಿದ. ಏಕೆ ಹಾಗೆ ಮಾಡಿದೆ ಎಂದು ಕೇಳಿದೆ.

“ಮದ್ದಳೆಗೆ ಅಷ್ಟೇ ಆಗ್ತಿತ್ತು ಗುರುಗಳೇ” ಎಂದ.