ಮಂಚವೇ ಆಫೀಸಾದಾಗ ಸೊಂಟಕ್ಕೇನಾಗುತ್ತದೆ?

2020ರ ಲಾಕ್‌ಡೌನ್‌ನಲ್ಲಿ ನನ್ನ ತಮ್ಮ ಬೆಂಗಳೂರಿನ ರೂಮು ಬಿಟ್ಟು ಹಾಸನದ ಮನೆಗೆ ಬಂದ. ನೆಟ್‌ವರ್ಕ್ ಸಿಗುತ್ತಿದ್ದದ್ದು ಕಿಟಕಿ ಪಕ್ಕದ ಮಂಚದ ಮೇಲೆ ಮಾತ್ರ. ಅಲ್ಲೇ ಚಕ್ಕಳಮಕ್ಕಳ ಹಾಕಿ, ಲ್ಯಾಪ್‌ಟಾಪ್ ತೊಡೆ ಮೇಲಿಟ್ಟು, ಬಗ್ಗಿ ಕೂತ. ಮೂರನೇ ವಾರಕ್ಕೆ ಊಟಕ್ಕೆ ಕರೆದರೆ ಗೋಡೆ ಹಿಡಿದು ಏಳುತ್ತಿದ್ದ.

‘ಒಳ್ಳೆ ಚೇರ್ ಇಲ್ಲ, ಅದಕ್ಕೇ’ ಅಂದೆವು ಎಲ್ಲರೂ. ಅದು ಅರ್ಧ ನಿಜ ಅಷ್ಟೇ.

ಬೆನ್ನಿನ ಮೂಳೆಗಳ ನಡುವೆ ಡಿಸ್ಕ್‌ಗಳಿವೆ. ಒಳಗೆ ಲೋಳೆಯಂಥ ತಿರುಳು, ಸುತ್ತ ಗಟ್ಟಿ ನಾರು. 1999ರಲ್ಲಿ ಜರ್ಮನಿಯ ಸಂಶೋಧಕರು ಒಬ್ಬ ವ್ಯಕ್ತಿಯ ಸೊಂಟದ ಡಿಸ್ಕ್ ಒಳಗೇ ಸೆನ್ಸರ್ ಇಟ್ಟು ಒತ್ತಡ ಅಳೆದರು. ನಿಂತಾಗ 0.5 ಮೆಗಾಪಾಸ್ಕಲ್. ಕುರ್ಚಿಗೆ ಒರಗಿ ಜಾರಿ ಕೂತಾಗ 0.27. ಪೂರ್ತಿ ಮುಂದೆ ಬಗ್ಗಿ ಕೂತಾಗ 0.83! ಒಬ್ಬರದೇ ಅಳತೆ, ನಿಜ. ಆದರೂ ಕೂರುವುದೇ ಕೆಟ್ಟದ್ದು ಅನ್ನುವ ಮಾತು ಎಷ್ಟು ಒರಟು ಅಂತ ಗೊತ್ತಾಗುತ್ತದೆ, ಅಲ್ವಾ? ಲ್ಯಾಪ್‌ಟಾಪ್‌ನಲ್ಲಿ ಪರದೆಯೂ ಕೀಬೋರ್ಡೂ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಎಟುಕುವಂತೆ ಇಟ್ಟರೆ ಕತ್ತು ಬಗ್ಗಲೇಬೇಕು.

ಇನ್ನರ್ಧ ಕಾರಣ ಅಲುಗಾಡದೇ ಕೂರುವುದು. ಅದೇ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ದೊಡ್ಡವರ ಡಿಸ್ಕ್‌ನ ಒಳಗೆ ರಕ್ತನಾಳ ಇಲ್ಲ. ಸುತ್ತಲಿನಿಂದ ಜಿನುಗಿ ಬರುವುದೇ ಅದರ ಆಹಾರ. ಭಾರ ಬಿದ್ದಾಗ ಸ್ಪಂಜಿನಂತೆ ನೀರು ಬಿಡುತ್ತದೆ, ಮಲಗಿದಾಗ ಹೀರಿಕೊಳ್ಳುತ್ತದೆ. ಅದಕ್ಕೇ ಬೆಳಿಗ್ಗೆಗಿಂತ ಸಂಜೆ ನಾವು ಒಂದು ಸೆಂಟಿಮೀಟರಿನಷ್ಟು ಕುಳ್ಳಗಾಗಿರುತ್ತೇವೆ. ಸ್ನಾಯುಗಳಿಗೂ ಒಂದೇ ಭಂಗಿಯಲ್ಲಿ ದಣಿವಾಗುತ್ತದೆ. ಆಫೀಸಿನಲ್ಲಿ ಬಸ್ ಸ್ಟಾಪು, ಮೆಟ್ಟಿಲು, ಕ್ಯಾಂಟೀನು ಅಂತ ಗೊತ್ತಿಲ್ಲದೇ ಓಡಾಡುತ್ತಿದ್ದೆವು. ಮನೆಯಲ್ಲಿ ಕಾಫಿಯೂ ಕೂತಲ್ಲಿಗೇ ಬರುತ್ತದೆ. ಕೆಲಸಕ್ಕೆ ಹೊತ್ತುಗೊತ್ತಿಲ್ಲ. ಅದರಿಂದಾಗುವ ಮನಸ್ಸಿನ ಒತ್ತಡವೂ ನೋವನ್ನು ಜಾಸ್ತಿ ಮಾಡುತ್ತದೆ.

ಹೆಚ್ಚಿನ ಸೊಂಟನೋವು ದೊಡ್ಡ ಕಾಯಿಲೆಯಲ್ಲ. ಆದರೆ ಕಾಲಿನ ಬಲ ಕುಂದಿದರೆ, ತೊಡೆ ಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ತಕ್ಷಣ ಡಾಕ್ಟರ ಹತ್ತಿರ ಹೋಗಿ. ಸುಮ್ನೆ ಬೆಲ್ಟ್ ಕಟ್ಟಿಕೊಂಡು ಕೂರಬೇಡಿ. ದೀರ್ಘಕಾಲದ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದು ವ್ಯಾಯಾಮ. ಬೆಲ್ಟ್ ಬೇಡ ಅಂದಿದೆ.

ನಮ್ಮನೆಯಲ್ಲಿ ಮಂಚ ಸರಿಸಿ ಊಟದ ಮೇಜು ಕಿಟಕಿ ಹತ್ತಿರ ತಂದೆವು. ಅಕ್ಕಿ ಡಬ್ಬದ ಮೇಲೆ ಲ್ಯಾಪ್‌ಟಾಪ್, ಕೆಳಗೆ ಬೇರೆ ಕೀಬೋರ್ಡ್, ಸೊಂಟದ ಹಿಂದೆ ಸುತ್ತಿದ ಟವೆಲ್. ಅಮ್ಮ ಮಾತ್ರ ಅವನ ಪಕ್ಕದಲ್ಲಿದ್ದ ನೀರಿನ ಚೊಂಬು ಎತ್ತಿಕೊಂಡು ಹೋದಳು. ‘ಬಾಯಾರಿದರೆ ಅಡುಗೆಮನೆಗೇ ಬಾ’ ಅಂದಳು.