ಗೋಡೆ ಆಸ್ತಿ, ಮೇಷ್ಟ್ರು ಖರ್ಚು

ಸರ್ಕಾರಿ ಶಾಲೆಗೆ ಹಾಕೋ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಅಂಥವರಿಗೆ ನಾನು ಇಂಡೊನೇಷ್ಯಾದ ಕತೆ ಹೇಳುತ್ತೇನೆ.

1973ರ ಅಕ್ಟೋಬರ್‌ನಲ್ಲಿ ಅರಬ್-ಇಸ್ರೇಲ್ ಯುದ್ಧ. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರಲ್‌ಗೆ 3 ಡಾಲರ್ ಆಸುಪಾಸಿನಿಂದ 12ರ ಹತ್ತಿರಕ್ಕೆ ಹೋಯಿತು. ಕೊಳ್ಳುವ ದೇಶಗಳು ತಲೆ ಮೇಲೆ ಕೈ ಹೊತ್ತು ಕೂತವು. ಮಾರುವ ಇಂಡೊನೇಷ್ಯಾಕ್ಕೆ ಲಾಟರಿ ಹೊಡೆಯಿತು. ಆಗಿನ ಅಧ್ಯಕ್ಷ ಸುಹಾರ್ತೊ ಸರ್ವಾಧಿಕಾರಿ, ಅವನ ಕಾಲದ ಭ್ರಷ್ಟಾಚಾರದ ಕತೆ ಬೇರೆಯೇ ಇದೆ. ಆದರೆ ಆ ದುಡ್ಡಿನಲ್ಲಿ ಐದಾರು ವರ್ಷದೊಳಗೆ 61,000ಕ್ಕೂ ಜಾಸ್ತಿ ಪ್ರಾಥಮಿಕ ಶಾಲೆಗಳು ಎದ್ದವು. ಶಾಲೆಗೆ 120 ಮಕ್ಕಳು, ಮೂವರು ಮೇಷ್ಟ್ರು. ಅವರ ಸಂಬಳವೂ ಸರ್ಕಾರದ್ದೇ. ಶಾಲೆಗೆ ಹೋಗದ ಮಕ್ಕಳು ಎಲ್ಲಿ ಜಾಸ್ತಿಯೋ ಅಲ್ಲಿಗೆ ಜಾಸ್ತಿ ಶಾಲೆ.

ಲಾಭ ಆಯ್ತಾ? ಓದಿದವರು ಹೆಚ್ಚು ದುಡಿಯುತ್ತಾರೆ ಅಂದರೆ ಸಾಲದು. ಉಳ್ಳವರ ಮಕ್ಕಳು ಓದದಿದ್ದರೂ ಅಪ್ಪನ ಅಂಗಡಿ ಇರುತ್ತದೆ, ಅಲ್ವಾ? 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಎಸ್ತರ್ ಡುಫ್ಲೊ ಇದಕ್ಕೆ ಒಂದು ಉಪಾಯ ಹೂಡಿದರು. ನನಗೆ ಬಲು ಇಷ್ಟವಾದ ಉಪಾಯ ಅದು.

ನಾಲೆ ನೀರು ಬಂದ ವರ್ಷ ನಿಮ್ಮ ಗದ್ದೆಯಲ್ಲಿ ಐದು ಮೂಟೆ ಜಾಸ್ತಿ ಬಂತು ಅನ್ನಿ. ನೀರಿನಿಂದಲೋ, ಒಳ್ಳೆ ಮಳೆಯಿಂದಲೋ? ನಾಲೆ ಇಲ್ಲದ ಪಕ್ಕದ ಗದ್ದೆ ನೋಡಿ. ಅಲ್ಲೂ ಎರಡು ಮೂಟೆ ಏರಿದ್ದರೆ ಆ ಎರಡು ಮಳೆಯದ್ದು. ನಾಲೆಯದ್ದು ಮೂರೇ. ಅಡಿಕೆ ತೂಗಿ ಚೀಲದ ತೂಕ ಕಳೆಯೋದಿಲ್ವಾ, ಅದೇ ಲೆಕ್ಕ. ಇಂಡೊನೇಷ್ಯಾದಲ್ಲಿ 1974ರಲ್ಲಿ ಎರಡರಿಂದ ಆರು ವರ್ಷವಿದ್ದ ತಮ್ಮನಿಗೆ ಹೊಸ ಶಾಲೆ ಸಿಕ್ಕಿತು, ಹನ್ನೆರಡು ದಾಟಿದ ಅಣ್ಣನಿಗೆ ಇಲ್ಲ. ಜಾಸ್ತಿ ಶಾಲೆ ಬಂದ ಜಿಲ್ಲೆಯಲ್ಲಿ ಓದಿನಲ್ಲಿ, ಸಂಬಳದಲ್ಲಿ ಅಣ್ಣ-ತಮ್ಮಂದಿರ ಅಂತರ ಎಷ್ಟು, ಕಡಿಮೆ ಬಂದ ಕಡೆ ಎಷ್ಟು? ಒಂದರಿಂದ ಇನ್ನೊಂದನ್ನು ಕಳೆಯಿರಿ. ಉಳಿದದ್ದು ಶಾಲೆಯ ಕೆಲಸ. 1995ರ ಸಮೀಕ್ಷೆಯಿಂದ ಅವರು ಹಾಕಿದ ಲೆಕ್ಕದಲ್ಲಿ, ಒಂದು ವರ್ಷದ ಹೆಚ್ಚಿನ ಓದಿಗೆ ಸಂಬಳ ಶೇಕಡಾ 6.8ರಿಂದ 10.6ರಷ್ಟು ಏರಿತ್ತು.

ತಾರೀಕು ಗಮನಿಸಿ. ಬಿತ್ತಿದ್ದು 1974ರಲ್ಲಿ, ಅಳೆದದ್ದು 1995ರಲ್ಲಿ. ನಮ್ಮಲ್ಲಿ ಚುನಾವಣೆ ಐದು ವರ್ಷಕ್ಕೊಂದು.

ನಮ್ಮ ಬಜೆಟ್ ಲೆಕ್ಕದ ತಮಾಷೆ ಇನ್ನೊಂದು. ಶಾಲೆಗೆ ಕೊಠಡಿ ಕಟ್ಟಿದರೆ ಅದು ಬಂಡವಾಳ ವೆಚ್ಚ, ಅಂದರೆ ಆಸ್ತಿ. ಮೇಷ್ಟ್ರ ಸಂಬಳ ರಾಜಸ್ವ ವೆಚ್ಚ, ಅಂದರೆ ದಿನನಿತ್ಯದ ಖರ್ಚು, ಕಚೇರಿಯ ಕರೆಂಟ್ ಬಿಲ್ಲಿನ ಸಾಲಿನಲ್ಲಿ. ಸಾಲ ಹಿಡಿತದಲ್ಲಿರಲಿ ಅಂತ ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿತು. ರಾಜಸ್ವ ಕೊರತೆ, ಅಂದರೆ ಮಾಮೂಲಿ ಆದಾಯಕ್ಕಿಂತ ಇಂಥ ಖರ್ಚು ಎಷ್ಟು ಜಾಸ್ತಿಯೋ ಅಷ್ಟನ್ನು ಇಳಿಸಬೇಕು ಅನ್ನೋದು ಅದರ ತಿರುಳು. ತಪ್ಪಿಲ್ಲ. ಆದರೆ ಕೊರತೆ ಇಳಿಸಲು ಸುಲಭದ ದಾರಿ ಯಾವುದು? ಖಾಲಿ ಹುದ್ದೆ ತುಂಬದೆ ಸುಮ್ನೆ ಕೂರುವುದು. ಹೊಸ ಕೊಠಡಿಯ ಕಲ್ಲಿನ ಫಲಕದಲ್ಲಿ ಉದ್ಘಾಟಿಸಿದವರ ಹೆಸರು ಹೊಳೆಯುತ್ತಿರುತ್ತದೆ. ಒಳಗೆ ನಾಲ್ಕನೇ ಕ್ಲಾಸು, ಐದನೇ ಕ್ಲಾಸು ಒಟ್ಟಿಗೆ ಕೂತಿರುತ್ತವೆ, ಎರಡಕ್ಕೂ ಒಬ್ಬರೇ ಅತಿಥಿ ಶಿಕ್ಷಕಿ.