ಗಡ್ಡೆ ತೆಗೆದು ಬೀಜ ಉಳಿಸುವುದು

ಗಂಡುಮಗುವಿನ ಬೀಜದಲ್ಲಿ, ಅಂದರೆ ವೃಷಣದಲ್ಲಿ, ಬೆಳೆಯುವ ಗಂಟು ಎಷ್ಟೋ ಸಲ ಮೊದಲು ಸಿಗುವುದು ಸ್ನಾನ ಮಾಡಿಸುವ ಕೈಗೆ. ಮಗುವಿಗೆ ನೋವಿಲ್ಲ, ಜ್ವರವಿಲ್ಲ. ಒಂದು ಬೀಜ ಮಾತ್ರ ಇನ್ನೊಂದಕ್ಕಿಂತ ದಪ್ಪ, ಮುಟ್ಟಿದರೆ ಗಟ್ಟಿ. ನೀರು ತುಂಬಿದ ಹೈಡ್ರೋಸೀಲ್ ಆಗಿದ್ದರೆ ಟಾರ್ಚ್ ಹಿಡಿದಾಗ ಬೆಳಕು ಕೆಂಪಗೆ ಹಾಯ್ದು ಬರುತ್ತದೆ. ಗಡ್ಡೆಯ ಜೊತೆ ನೀರೂ ಇರಬಹುದು, ಹಾಗಾಗಿ ಟಾರ್ಚನ್ನೇ ನಂಬಿ ಕೂರುವ ಹಾಗಿಲ್ಲ. ಸ್ಕ್ಯಾನ್ ಬೇಕೇ ಬೇಕು.

ರಿಪೋರ್ಟಿನಲ್ಲಿ ‘ಟ್ಯೂಮರ್’ ಅಂತ ಕಂಡರೆ ಸಾಕು, ಅಪ್ಪ ಅಮ್ಮನ ಮುಖ ಇಳಿಯುತ್ತದೆ. “ಪೂರ್ತಿ ತೆಗೆದುಬಿಡಿ ಡಾಕ್ಟ್ರೇ, ಮಗು ಉಳಿದರೆ ಸಾಕು” ಅನ್ನುತ್ತಾರೆ. ದೊಡ್ಡವರ ಮಟ್ಟಿಗೆ ಆ ಮಾತು ಸರಿ. ಅವರ ಬೀಜದೊಳಗಿನ ಗಟ್ಟಿ ಗಡ್ಡೆ ಬಹುಪಾಲು ಕ್ಯಾನ್ಸರೇ. ಮೀಸೆ ಚಿಗುರದ ಹುಡುಗರ ಲೆಕ್ಕ ಬೇರೆ. ಅವರಲ್ಲಿ ಟೆರಟೋಮಾ (ಬೇರೆ ಬೇರೆ ಬಗೆಯ ಅಂಗಾಂಶ ಬೆರೆತ ಗಡ್ಡೆ), ಎಪಿಡರ್ಮಾಯ್ಡ್ ಸಿಸ್ಟ್‌ನಂಥ (ಚರ್ಮದಂಥ ಪದರವಿರುವ ಗಂಟು) ನಿರಪಾಯದ ಗಡ್ಡೆಗಳೇ ಜಾಸ್ತಿ. ಟೆರಟೋಮಾ ದೊಡ್ಡವರಲ್ಲಿ ಹರಡಬಲ್ಲದು, ಚಿಕ್ಕ ಮಕ್ಕಳಲ್ಲಿ ಇದ್ದಲ್ಲೇ ಇರುತ್ತದೆ. ಹೆಸರು ಒಂದೇ, ಬುದ್ಧಿ ಬೇರೆ.

ನಾವು ಹೆದರುವುದು ಯೋಕ್ ಸ್ಯಾಕ್ ಟ್ಯೂಮರ್ ಎಂಬ ಕ್ಯಾನ್ಸರಿಗೆ. ಅದಿದ್ದರೆ ರಕ್ತದಲ್ಲಿ ಎಎಫ್‌ಪಿ ಎಂಬ ಪ್ರೋಟೀನ್ ಸಾಮಾನ್ಯವಾಗಿ ಏರುತ್ತದೆ. ಆದರೆ ಹುಟ್ಟಿದ ಮಗುವಿನ ರಕ್ತದಲ್ಲಿ ಎಎಫ್‌ಪಿ ಸಹಜವಾಗಿಯೇ ಸಾವಿರಗಟ್ಟಲೆ ಇರುತ್ತದೆ. ಇಳಿಯಲು ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ. ಲ್ಯಾಬಿನ ಕಾಗದದಲ್ಲಿ ದೊಡ್ಡವರ ಮಿತಿ ಅಚ್ಚಾಗಿದ್ದು, 3 ತಿಂಗಳ ಕೂಸಿನ ಅಂಕಿಯ ಪಕ್ಕ ‘ಹೈ’ ಅಂತ ಬಿದ್ದಿರುತ್ತದೆ. ಅದೊಂದನ್ನೇ ನೋಡಿ ಬೀಜ ತೆಗೆದರೆ ಅನ್ಯಾಯ ಅಲ್ವಾ?

ಎಎಫ್‌ಪಿ ವಯಸ್ಸಿಗೆ ತಕ್ಕಂತಿದ್ದು, ಗಡ್ಡೆಯ ಸುತ್ತ ಒಳ್ಳೆಯ ಅಂಗಾಂಶ ಸ್ಕ್ಯಾನಿನಲ್ಲಿ ಕಂಡರೆ ಉಳಿಸುವ ಪ್ರಯತ್ನಕ್ಕೆ ಇಳಿಯುತ್ತೇವೆ. ಕೊಯ್ಯುವುದು ತೊಡೆಸಂದಿನಲ್ಲಿ, ಬೀಜದ ಚೀಲದ ಮೇಲಲ್ಲ. ಬೀಜದ ದುಗ್ಧರಸ (ಲಿಂಫ್, ಕ್ಯಾನ್ಸರ್ ಹರಡುವ ಒಂದು ದಾರಿ) ಹರಿಯುವುದು ಹೊಟ್ಟೆಯೊಳಗೆ ಮೇಲಕ್ಕೆ, ಚೀಲದ ಚರ್ಮದ್ದು ತೊಡೆಸಂದಿಗೆ. ಅಕಸ್ಮಾತ್ ಕ್ಯಾನ್ಸರಾಗಿದ್ದರೆ ಅದಕ್ಕೆ ಹೊಸ ದಾರಿ ಮಾಡಿಕೊಟ್ಟ ಹಾಗಾಗಬಾರದು. ಮೊದಲು ರಕ್ತನಾಳಗಳ ಹುರಿಗೆ ಮೆತ್ತನೆಯ ರಬ್ಬರ್ ಪಟ್ಟಿ ಬಿಗಿಯುತ್ತೇವೆ. ಆಮೇಲೆ ಬೀಜವನ್ನು ಹೊರಗೆಳೆದು, ಸುತ್ತ ಬಟ್ಟೆ ಹಾಸಿ, ಬಿಳಿ ಹೊದಿಕೆ ಸೀಳುತ್ತೇವೆ. ಎಪಿಡರ್ಮಾಯ್ಡ್ ಆದರೆ ಗೋಲಿಯಂಥ ಉಂಡೆ ಸಲೀಸಾಗಿ ಬಿಡಿಸಿಕೊಂಡು ಬರುತ್ತದೆ. ಕತ್ತರಿಸಿದರೆ ಒಳಗೆ ಈರುಳ್ಳಿಯಂತೆ ಪದರ ಪದರ.

ಉಂಡೆ ಪೆಥಾಲಜಿಸ್ಟ್ ಹತ್ತಿರ ಹೋಗುತ್ತದೆ. ಅವರು ಅದನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಸೀಳಿ ನೋಡುವ ತನಕ ಥಿಯೇಟರಿನಲ್ಲಿ ಎಲ್ಲರೂ ಸುಮ್ನೆ ನಿಂತಿರುತ್ತೇವೆ. ಇಡೀ ಆಪರೇಷನ್‌ನಲ್ಲಿ ಉದ್ದ ಅನ್ನಿಸುವುದು ಆ ಹೊತ್ತೇ. ಒಳ್ಳೆಯದು ಅಂತ ಫೋನ್ ಬಂದರೆ ಹೊದಿಕೆ ಹೊಲಿದು ಬೀಜವನ್ನು ಅದರ ಜಾಗಕ್ಕೆ ಇಳಿಸುತ್ತೇವೆ. ಕ್ಯಾನ್ಸರ್ ಅಂದರೆ ಅದೇ ಗಾಯದಿಂದ ಬೀಜ ಪೂರ್ತಿ ಹೊರಗೆ.

ಒಂದೇ ಬೀಜವಿದ್ದರೂ ಹಾರ್ಮೋನಿಗೆ, ಮಕ್ಕಳಾಗುವುದಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ, ನಿಜ. ಆದರೆ ನಾಳೆ ಆ ಒಂದಕ್ಕೆ ಪೆಟ್ಟು ಬಿದ್ದರೆ, ಹುರಿ ತಿರುಚಿಕೊಂಡರೆ?

ಕೊನೆಯ ರಿಪೋರ್ಟ್ ಬರಲು ಇನ್ನೂ ಕೆಲವು ದಿನ ಬೇಕು. ಅಪರೂಪಕ್ಕೆ ಅದು ಥಿಯೇಟರಿನ ಮಾತನ್ನು ತಿದ್ದುತ್ತದೆ, ಆಗ ಮತ್ತೊಂದು ಆಪರೇಷನ್ ಬೇಕಾಗಬಹುದು. ಸಹಿ ಹಾಕಿಸಿಕೊಳ್ಳುವಾಗಲೇ ಇದನ್ನು ಹೇಳಿರುತ್ತೇನೆ.